ಉಡುಗೊರೆ ಯಾರದ್ದು, ಕಾಗದ ಯಾರದ್ದು

ಮಂಡ್ಯ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮದುವೆಗೆ ಬಂದ ಫ್ರಿಜ್ಜಿನ ಬಿಲ್ ನಿನ್ನ ಮಾವನ ಹೆಸರಿನಲ್ಲಿದೆ, ಅದು ನಿನ್ನದಾಗುತ್ತದೆಯೇ ಎಂದು ಕೇಳಿದ್ದೀಯ. ಆಗಿಹೋಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ, ಚರ ವಸ್ತುವನ್ನು ಮನಸಾರೆ, ಏನನ್ನೂ ಪಡೆಯದೆ ಕೈಗೊಪ್ಪಿಸಿ, ನೀನು ಸ್ವೀಕರಿಸಿದರೆ ದಾನ ಪೂರ್ತಿ. ಕೊಡುತ್ತೇನೆಂಬ ಬರೀ ಮಾತಿಗೆ ಆ ಬಲವಿಲ್ಲ. ಮನೆ, ಸೈಟು, ಜಮೀನಾದರೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ದಾನಪತ್ರವೇ ಬೇಕು.

ಕಂಪನಿಯ ವೆಬ್‌ಸೈಟಿನಲ್ಲಿ ಮಾಡುವ ರಿಜಿಸ್ಟ್ರೇಶನ್ ಸರ್ವೀಸಿಗಾಗಿ. ಅದರಿಂದ ಒಡೆತನ ಹುಟ್ಟುವುದಿಲ್ಲ, ಮಾಡದಿದ್ದರೆ ಹೋಗುವುದೂ ಇಲ್ಲ. ಆದರೂ ನಿನ್ನ ಹೆಸರು, ಫೋನ್ ನಂಬರಿನಲ್ಲೇ ಮಾಡಿಸು. ವಾರಂಟಿ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ ಎಣಿಕೆ. ಆಷಾಢಕ್ಕೆ ಮುಂಚೆ ಕೊಂಡು ಶ್ರಾವಣದಲ್ಲಿ ಕೊಟ್ಟಿದ್ದರೆ ಒಂದು ತಿಂಗಳು ಆಗಲೇ ಕಳೆದಿರುತ್ತದೆ. ಬೆಲೆ ತಿಳಿಯಬಾರದೆಂದು ಕೊಟ್ಟವರು ಬಿಲ್ ತಮ್ಮಲ್ಲೇ ಇಟ್ಟುಕೊಳ್ಳುವುದುಂಟು. ಸಂಕೋಚ ಬಿಟ್ಟು ಕೇಳು. ಬಿಲ್ಲಿನ ಸೀರಿಯಲ್ ನಂಬರನ್ನು ಫ್ರಿಜ್ಜಿನ ಸ್ಟಿಕ್ಕರಿನೊಡನೆ ತಾಳೆ ನೋಡು, ಒಂದಂಕಿ ತಪ್ಪಿದ್ದರೂ ರಿಪೇರಿಗೆ ತಕರಾರು ಬರುತ್ತದೆ. ಬಿಲ್ಲಿನ ಅಕ್ಷರ ಮಾಸುವ ಮುಂಚೆ ಫೋಟೊ ತೆಗೆದಿಡು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೇ, ಹಾಗಾಗಿ ದೂರನ್ನು ನೀನೇ ಕೊಡಬಹುದು.

ಸ್ಕೂಟರಿನ ವಿಷಯ ಬೇರೆ, ಅದನ್ನು ಮುಂದೂಡಬೇಡ. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಇನ್ನೂ ಮಾವನ ಹೆಸರಿನಲ್ಲಿದೆ. ನೀನು ಓಡಿಸುವಾಗ ಅಪಘಾತವಾದರೆ ಪರಿಹಾರದ ಹೊಣೆ ಹೆಸರಿರುವವರ ಮೇಲೆಯೇ ಬೀಳುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಪ್ರೀತಿಯಿಂದ ಕೊಟ್ಟವರನ್ನು ಹಾಗೆ ಸಿಕ್ಕಿಸಬಾರದು. ಹೆಸರು ಬದಲಾಯಿಸಲು ಬೇಕಾದದ್ದು ಫಾರಂ 29 ಎರಡು ಪ್ರತಿ, ಫಾರಂ 30, ಜೊತೆಗೆ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ನಿನ್ನ ವಿಳಾಸದ ದಾಖಲೆ. ಗಾಡಿ ಕೊಟ್ಟದ್ದನ್ನು ಮಾವ 14 ದಿನದಲ್ಲಿ, ನೀನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ನೀನಿರುವುದು ಮೈಸೂರಾದ್ದರಿಂದ ಅರ್ಜಿ ಅಲ್ಲಿನ ಆರ್‌ಟಿಒಗೆ. ಕೆಎ-11 ನಂಬರು ಹಾಗೇ ಇರುತ್ತದೆ. ಸಾಲ ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆ ಮೊದಲು. ಇನ್ಶೂರೆನ್ಸ್ ಕಂಪನಿಗೂ 14 ದಿನದೊಳಗೆ ಬರೆ, ಇಲ್ಲವಾದರೆ ಗಾಡಿಯ ಸ್ವಂತ ಹಾನಿಗೆ ಕ್ಲೇಮ್ ಕೇಳಿದಾಗ ಕೈಯೆತ್ತುತ್ತಾರೆ.

ಇನ್ನು ಮುಯ್ಯಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮದಂತೆ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ನಂಟರಾಗಿದ್ದರೆ ಸಂಬಂಧ, ಕೆಳಗೆ ನಿಮ್ಮಿಬ್ಬರ ಸಹಿ. ಮುಯ್ಯಿ ಪುಸ್ತಕದಲ್ಲಿ ಹಣದ ಲೆಕ್ಕವಷ್ಟೇ ಇರುತ್ತದೆ, ಅದು ಸಾಲದು. ಅಳಿಯಂದಿರೊಡನೆ ಕೂತು ಈ ಭಾನುವಾರವೇ ಬರೆದು ಮುಗಿಸು.

ಇಂತಿ ನಿನ್ನ ದೊಡ್ಡಪ್ಪ