ಜುಲೈನಿಂದ ವಾರವಾರ ಭಾನುವಾರದ ಕ್ಲಾಸು ಇರುವುದಿಲ್ಲ

ನಮಸ್ಕಾರ,

ಕೆಲಸಕ್ಕೆ ಹೋಗಿಕೊಂಡೇ ಇಗ್ನೊ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಸಿಎ (ಕಂಪ್ಯೂಟರ್ ಸ್ನಾತಕೋತ್ತರ ಪದವಿ) ಓದುತ್ತಾ ನಮ್ಮಲ್ಲಿ ಟ್ಯೂಷನ್‌ಗೆ ಬರುವ ಎಲ್ಲ ವಿದ್ಯಾರ್ಥಿಗಳಿಗೆ ಈ ಪತ್ರ.

ಜುಲೈ ಮೊದಲ ವಾರದಿಂದ ಭಾನುವಾರದ ಇಡೀ ದಿನದ ಕ್ಲಾಸು ನಿಲ್ಲಿಸುತ್ತಿದ್ದೇವೆ. ಬದಲಿಗೆ ಮಂಗಳವಾರ, ಗುರುವಾರ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಆನ್‌ಲೈನ್‌ನಲ್ಲಿ ಸೇರೋಣ. ಒಂದು ಬ್ಯಾಚಿಗೆ ಎಂಟೇ ಜನ. ತಿಂಗಳಿಗೊಂದು ಭಾನುವಾರ ಮಾತ್ರ ಜಯನಗರದ ನಮ್ಮ ರೂಮಿಗೆ ಬನ್ನಿ. ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಈಗ ಹಳದಿ ಮೆಟ್ರೋ ಇದೆ, ಸಿಲ್ಕ್ ಬೋರ್ಡ್ ಜಾಮ್ ಅನ್ನೋ ನೆಪ ನಡೆಯುವುದಿಲ್ಲ!

ಯಾಕೆ ಈ ಬದಲಾವಣೆ? ಭಾನುವಾರ ಊಟ ಆದಮೇಲೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಶನಿವಾರ ರಾತ್ರಿ ಆಫೀಸಿನ ಸಾಫ್ಟ್‌ವೇರ್ ರಿಲೀಸ್ ಮುಗಿಸಿ ಬಂದವರನ್ನು ಬೈಯುವುದು ಹೇಗೆ? ನಾವು ಬೋರ್ಡಿನ ಮೇಲೆ ಡಯಾಗ್ರಾಂ ಬರೆದೆವು, ನೀವು ಫೋಟೊ ತೆಗೆದುಕೊಂಡಿರಿ. ಪರೀಕ್ಷೆ ಪಾಸಾಯಿತು. ಬರೆಯುವ ಕೋಡು ಮಾತ್ರ ಮೊದಲಿನ ಹಾಗೇ ಇತ್ತು.

ನಮ್ಮ ಒಬ್ಬ ವಿದ್ಯಾರ್ಥಿ ತಮ್ಮ ಮಾವನ ಪಾತ್ರೆ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಹೆಸರು ಬೇಡ, ಕತೆ ಬೇಕಾದರೆ ಹೇಳಿ ಅಂದಿದ್ದಾರೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತು. ಸ್ಟೀಲ್ ಪಾತ್ರೆ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಇವರ ಕೋಡಿನಲ್ಲಿ 12 ಅನ್ನೋದು ಕಂಡಕಂಡಲ್ಲಿ ಇತ್ತು. ಹುಡುಕಿ, ಎಲ್ಲ ಕಡೆ ಒಂದೇ ಏಟಿಗೆ 5 ಮಾಡಿದರು. ಬಿಲ್ ಸರಿಯಾಗಿ ಬಂತು. ಮಾವನಿಗೂ ಖುಷಿ. ಡಿಸೆಂಬರ್ ಒಂದನೇ ತಾರೀಖು ಆ ದಿನದ ಬಿಲ್ಲೆಲ್ಲ ಹೋಗಿ ಮೇ ತಿಂಗಳ ಲೆಕ್ಕದಲ್ಲಿ ಕೂತವು. ತಿಂಗಳ 12 ಕೂಡ 5 ಆಗಿತ್ತು, ಅಲ್ವಾ!

ಅವರಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಅಂತಲ್ಲ. ಚೆನ್ನಾಗೇ ಬರುತ್ತದೆ. ಕೈಕೊಟ್ಟಿದ್ದು ಡಿಸೈನ್, ಅಂದರೆ ಪ್ರೋಗ್ರಾಮನ್ನು ಭಾಗ ಮಾಡಿ ಜೋಡಿಸುವ ರೀತಿ. 1972ರಲ್ಲೇ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ ಒಂದು ಪುಟ್ಟ ಪ್ರೋಗ್ರಾಮನ್ನು ಎರಡು ಥರ ತುಂಡು ಮಾಡಿ ತೋರಿಸಿದ್ದರು. ಒಂದು, ಕೆಲಸ ನಡೆಯುವ ಕ್ರಮದಲ್ಲಿ. ಇನ್ನೊಂದು, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲಿನೊಳಗೆ (ಪ್ರೋಗ್ರಾಮಿನ ಬಿಡಿ ಭಾಗದೊಳಗೆ) ಬಚ್ಚಿಟ್ಟು. ಎರಡನೆಯದರಲ್ಲಿ ಏನಾದರೂ ಬದಲಾದರೆ ಮುಟ್ಟಬೇಕಾದ ಜಾಗ ಕಡಿಮೆ. ತೆರಿಗೆ ದರ ಅಂಥದ್ದೇ ಒಂದು ತೀರ್ಮಾನ. ಇದೆಲ್ಲ ನಮ್ಮ ನೋಟ್ಸಿನಲ್ಲಿದೆ. ಅವರು ಅದೇ ಡಿಸೆಂಬರ್ ಪರೀಕ್ಷೆಯಲ್ಲಿ ಇದನ್ನು ಎರಡು ಪುಟ ಬರೆದೂ ಬಂದಿದ್ದರು. ಅಂದರೆ ಪಾಠ ಮಾಡಿದ ನಮ್ಮದೇ ತಪ್ಪು.

ಹಾಗಾಗಿ ಇನ್ನು ಮೇಲೆ ಲೆಕ್ಚರ್ ಕಡಿಮೆ. ಪ್ರತಿ ಸಲ ಇಬ್ಬರು ತಾವೇ ಬರೆದ ಇನ್ನೂರು ಸಾಲಿನಷ್ಟು ಕೋಡು ತರಬೇಕು, ಉಳಿದವರು ಓದಿ ಪ್ರಶ್ನೆ ಕೇಳಬೇಕು. ದಯವಿಟ್ಟು ಆಫೀಸಿನ ಕೋಡು ತರಬೇಡಿ, ಅದು ಕಂಪನಿಯ ಸ್ವತ್ತು, ಸುಮ್ನೆ ಕೆಲಸಕ್ಕೆ ಕುತ್ತು. 2020-21ರಿಂದ ಎಂಸಿಎ ಮೂರು ವರ್ಷದ ಬದಲು ಎರಡೇ ವರ್ಷ. ಇದನ್ನೆಲ್ಲ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಕಲಿಯೋಣ ಅಂತ ಮುಂದೂಡಿದರೆ ಸಮಯ ಸಾಲದು. ಆದರೆ ಪಾಸೂ ಆಗಬೇಕಲ್ಲ? ಜೂನ್ ಮತ್ತು ಡಿಸೆಂಬರ್ ಪರೀಕ್ಷೆಗೆ ಮುಂಚಿನ ಒಂದು ತಿಂಗಳು ಎಂದಿನಂತೆ ಹಳೇ ಪ್ರಶ್ನೆಪತ್ರಿಕೆಗಳೇ. ರೆಡಿಮೇಡ್ ಪ್ರಾಜೆಕ್ಟ್ ಕೇಳಿ ಫೋನ್ ಮಾಡುವವರಿಗೆ ಉತ್ತರ ಹಳೆಯದೇ: ನಮ್ಮಲ್ಲಿ ಸಿಗುವುದಿಲ್ಲ.

ಫೀಸು ತಿಂಗಳಿಗೆ 2,000 ಇದ್ದದ್ದು 2,400 ಆಗುತ್ತದೆ. ಬ್ಯಾಚ್ ಚಿಕ್ಕದು, ಮೇಷ್ಟ್ರುಗಳು ನಾಲ್ಕೇ ಜನ, ಬೇರೆ ದಾರಿ ಕಾಣಲಿಲ್ಲ. ಈಗಾಗಲೇ ಡಿಸೆಂಬರ್‌ವರೆಗೆ ಕಟ್ಟಿದವರು ಹೆಚ್ಚಿಗೆ ಏನೂ ಕೊಡಬೇಕಿಲ್ಲ. ರಾತ್ರಿ ಶಿಫ್ಟಿನವರಿಗೆ ಈ ಹೊತ್ತು ಆಗಿಬರುವುದಿಲ್ಲ, ಗೊತ್ತು. ಅಂಥವರು ಐದು ಜನ ಸಿಕ್ಕರೂ ಬೆಳಗ್ಗೆ ಏಳಕ್ಕೆ ಒಂದು ಬ್ಯಾಚ್ ಮಾಡುತ್ತೇವೆ. ಅದೂ ಬೇಡ ಅಂದರೆ ಉಳಿದ ತಿಂಗಳುಗಳ ಹಣ ವಾಪಸ್.

ಯಾವ ಬ್ಯಾಚ್ ಅಂತ ಜೂನ್ 20ರೊಳಗೆ ವಾಟ್ಸಾಪ್‌ನಲ್ಲಿ ತಿಳಿಸಿ. ಮೊದಲ ಮಂಗಳವಾರ ಕೋಡು ತರುವವರು ಆ ಪಾತ್ರೆ ಅಂಗಡಿಯವರೇ.

ಇಂತಿ,
ನಿಮ್ಮ ನಾಲ್ವರು ಮೇಷ್ಟ್ರುಗಳು