ಶೆಡ್ ಸೋರುತ್ತಿದೆ, ಬೋಗಿ ನೆನೆಯುತ್ತಿದೆ

ಆತ್ಮೀಯರೇ,

ಶೆಡ್ ರಿಪೇರಿಗೆ ಹಣ ಕೇಳಿ ಬರೆದ ಇಂಗ್ಲಿಷ್ ಮನವಿ ಆಗಲೇ ನಿಮಗೆ ತಲುಪಿರುತ್ತದೆ. ಪ್ರತಿವರ್ಷ ತಪ್ಪದೆ ಕೊಡುವ ಕನ್ನಡದವರಿಗೆ ನಮ್ಮ ಭಾಷೆಯಲ್ಲೇ ಬರೆಯೋಣ ಅನ್ನಿಸಿತು.

ಹೋದ ತಿಂಗಳ ಬಿರುಗಾಳಿಗೆ ಶೆಡ್ಡಿನ ತಗಡು ಕಿತ್ತುಹೋಯಿತು. ಕೆಳಗೆ ಮ್ಯಾಂಕ್ಸ್ ಎಲೆಕ್ಟ್ರಿಕ್ ರೈಲ್ವೆಯ ನಮ್ಮ ಹಳೇ ತೆರೆದ ಟ್ರಾಂ ಬೋಗಿ. ಟಾರ್ಪಾಲು ಹೊದಿಸಿದ್ದೇವೆ, ಆದರೂ ನೀರು ನಿಂತಿಲ್ಲ. ಬೆಂಚಿನ ಮರದ ಪಟ್ಟಿಗಳು ಉಬ್ಬಿವೆ. ಬೆರಳು ತಾಗಿದರೆ ಸಾಕು, ವಾರ್ನಿಷ್ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ. ಅದನ್ನು ಹಚ್ಚಿದವರೆಲ್ಲ ಎಪ್ಪತ್ತು ದಾಟಿದವರು. ಮೊನ್ನೆ ಒಬ್ಬರು ಮಂಡಿನೋವಿನಲ್ಲೇ ಏಣಿ ಹತ್ತಿ ಬಕೆಟ್ ಕಟ್ಟಿ ಬಂದರು. ಬೇಡ ಅಂದರೆ ಕೇಳುವವರಲ್ಲ.

ಈ ರೈಲ್ವೆಯ, ಅಂದರೆ ವಿದ್ಯುತ್ ಟ್ರಾಂ ದಾರಿಯ, ಕಥೆ ನಿಮಗೆ ಗೊತ್ತೇ ಇದೆ. ಆದರೂ ಹೇಳದೆ ಇರಲು ಮನಸ್ಸು ಬರುವುದಿಲ್ಲ. ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಸ್‌ನಿಂದ ಗ್ರೌಡಲ್‌ವರೆಗೆ 1893ರಲ್ಲಿ ಶುರುವಾಯಿತು. ಮರುವರ್ಷ ಲ್ಯಾಕ್ಸಿ ಮುಟ್ಟಿತು, 1899ಕ್ಕೆ ರಾಮ್ಸಿ. ಒಟ್ಟು 17 ಮೈಲಿ, ಮೂರೇ ಅಡಿ ಅಗಲದ ಹಳಿ. ಬಲ್ಗಮ್ ಹತ್ತಿರ ಒಂದು ಕಡೆ ಬಂಡೆ, ಇನ್ನೊಂದು ಕಡೆ ಎಷ್ಟೋ ಕೆಳಗೆ ಸಮುದ್ರ. ಅಲ್ಲಿ ಮಾತಾಡುತ್ತಿದ್ದವರೂ ಸುಮ್ನಾಗಿ ಕಂಬಿ ಹಿಡಿದುಕೊಳ್ಳುತ್ತಾರೆ. 1893ರ ಒಂದು ಮತ್ತು ಎರಡನೇ ನಂಬರಿನ ಟ್ರಾಂಗಳು ಇವತ್ತಿಗೂ ಅದೇ ದಾರಿಯಲ್ಲಿ ಓಡುತ್ತವೆ. ಹುಟ್ಟಿದ ದಾರಿಯಲ್ಲೇ ಓಡುವ ಇಷ್ಟು ಹಳೇ ಟ್ರಾಂ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಗೊತ್ತಲ್ವಾ?

ಪೆಟ್ಟು ತಿಂದಿದ್ದೂ ಕಡಿಮೆಯಲ್ಲ. 1900ರಲ್ಲಿ ಡಂಬೆಲ್ಸ್ ಬ್ಯಾಂಕ್ ಮುಳುಗಿದಾಗ ಟ್ರಾಂ ಕಟ್ಟಿದ ಕಂಪನಿಯೂ ಮುಳುಗಿತು. 1930ರಲ್ಲಿ ಲ್ಯಾಕ್ಸಿ ಶೆಡ್ಡಿಗೆ ಬೆಂಕಿ ಬಿದ್ದು 11 ಬೋಗಿ ಸುಟ್ಟುಹೋದವು. 1957ರಲ್ಲಿ ದ್ವೀಪದ ಸರ್ಕಾರ ರೈಲ್ವೆಯನ್ನು ಕೈಗೆ ತೆಗೆದುಕೊಂಡಿತು. 1967ರಲ್ಲಿ ಬಲ್ಗಮ್‌ನ ತಡೆಗೋಡೆ ಕುಸಿಯಿತು. ಜನ ಇಳಿದು, ಆ ತುಂಡು ದಾರಿ ನಡೆದು, ಆಚೆ ನಿಂತ ಟ್ರಾಂ ಹತ್ತಿದರು! 1975ರ ಸೀಸನ್ ಮುಗಿದ ಮೇಲೆ ಲ್ಯಾಕ್ಸಿಯಿಂದ ಆಚೆ ಓಡಾಟ ನಿಲ್ಲಿಸಿದರು, 1977ರಲ್ಲಿ ಮತ್ತೆ ಶುರು ಮಾಡಬೇಕಾಯಿತು.

ಹಳಿ ಸರ್ಕಾರದ್ದು, ಟ್ರಾಂ ಓಡಿಸುವುದೂ ಅದೇ. ನಮ್ಮ ಪಾಲಿಗೆ ಇರುವುದು ಈ ಒಂದು ಬೋಗಿ, ಈ ಒಂದು ಶೆಡ್. ತಗಡು, ತೊಲೆ, ಕೂಲಿ ಸೇರಿ 9–10 ಸಾವಿರ ಪೌಂಡ್ ಆಗಬಹುದು. ಬೆಂಚಿನ ಮರಗೆಲಸ ಬೇರೆ, ಅದಿನ್ನೂ ಲೆಕ್ಕ ಹಾಕಿಲ್ಲ. ಕೈಯಲ್ಲಿರುವುದು ಅರ್ಧಕ್ಕೂ ಸಾಲದು. ಮಾರ್ಚ್‌ನಲ್ಲಿ ಸೀಸನ್ ಶುರು. ಅದಕ್ಕೆ ಮೊದಲು ಮರ ಒಣಗಬೇಕು.

ಆದ್ದರಿಂದ ಜನವರಿ ಮುಗಿಯುವುದರೊಳಗೆ ನಿಮ್ಮ ಕೈಲಾದಷ್ಟು ಕಳಿಸಿ. ಐದು ಪೌಂಡ್ ಆದರೂ ಸಂಕೋಚ ಬೇಡ. ಎಂದಿನ ಖಾತೆಗೇ ಹಾಕಿ, ಜೊತೆಗೆ ‘ಶೆಡ್’ ಅಂತ ಬರೆಯಿರಿ. ಇಲ್ಲದಿದ್ದರೆ ಸದಸ್ಯತ್ವದ ಲೆಕ್ಕಕ್ಕೆ ಸೇರಿಬಿಡುತ್ತದೆ. ರಸೀದಿ ಎಲ್ಲರಿಗೂ ಕಳಿಸುತ್ತೇವೆ.

ಇತಿ,
ಟ್ರಸ್ಟಿಗಳು