ಇಬ್ಬರ ಕಥೆಯನ್ನೂ ಬದಿಗಿಟ್ಟವರಿಗೆ

ಕಳೆದ ವಾರ ತೀರ್ಪು ಬಂತು. ನನ್ನ ತಮ್ಮನನ್ನು ಕೊಂದ ಇಬ್ಬರಿಗೂ ಜೀವಾವಧಿ. ಈ ಕೇಸಿನುದ್ದಕ್ಕೂ ಐದು ವರ್ಷ ಜೊತೆಗಿದ್ದವರಿಗೆ ಫೋನಿನಲ್ಲಿ ನೆಟ್ಟಗೆ ನಾಲ್ಕು ಕೃತಜ್ಞತೆಯ ಮಾತು ಹೇಳಲಾಗಲಿಲ್ಲ, ಶುರು ಮಾಡಿದರೆ ಗಂಟಲು ಕಟ್ಟುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸರ್ಕಾರಿ ವಕೀಲರಾದ ಮೇಡಂಗೆ. ಆರೋಪಿಗಳಿಬ್ಬರೂ ತಮ್ಮನ ಸ್ನೇಹಿತರೇ. ಸಿಕ್ಕಿಬಿದ್ದ ದಿನದಿಂದ ಒಬ್ಬರ ಮೇಲೊಬ್ಬರು ಹಾಕುತ್ತಾ ಬಂದರು. "ರಾಡು ಎತ್ತಿದ್ದು ಅವನು, ನಾನು ಬಿಡಿಸೋಕೆ ಹೋದೆ" ಅಂದ ಒಬ್ಬ. ಇನ್ನೊಬ್ಬನದೂ ಅದೇ ಕಥೆ, ಹೆಸರು ಮಾತ್ರ ಅದಲುಬದಲು. ನನಗೋ ಒಳಗೊಳಗೇ ಸಮಾಧಾನ. ಇವನ ಬಾಯಿಂದ ಅವನು ಸಿಕ್ಕ, ಅವನ ಬಾಯಿಂದ ಇವನು, ಇನ್ನೇನು ಬೇಕು ಅಂದುಕೊಂಡಿದ್ದೆ. ಮೇಡಂ ಆ ಹೇಳಿಕೆಗಳ ಫೈಲಿಗೆ ದಾರ ಸುತ್ತಿ ಮೇಜಿನ ಕೆಳಗೆ ಇಟ್ಟರು. "ಇದು ಇಲ್ಲವೇ ಇಲ್ಲ ಅಂದ್ಕೊಳ್ಳಮ್ಮ. ಉಳಿದದ್ದರ ಮೇಲೆ ಕೇಸು ನಿಲ್ಲುತ್ತಾ ನೋಡೋಣ."

ಆ ದಿನ ಸಿಟ್ಟು ಬಂದಿತ್ತು. ಆಮೇಲೆ ಅವರೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೆ ಅದನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಕ್ರಮಬದ್ಧವಾಗಿ ಒಪ್ಪಿಕೊಂಡರೂ ಜೊತೆ ಆರೋಪಿಯ ಮಟ್ಟಿಗೆ ಅದಕ್ಕಿರುವ ತೂಕ ಕಡಿಮೆ. ಮೊದಲು ಬೇರೆ ಸಾಕ್ಷ್ಯವನ್ನಷ್ಟೇ ತೂಗಬೇಕು, ತಪ್ಪೊಪ್ಪಿಗೆ ಬರುವುದು ಅದಕ್ಕೊಂದು ಆಸರೆಯಾಗಿ ಅಂತ ಸುಪ್ರೀಂ ಕೋರ್ಟು 1952ರಲ್ಲೇ ಕಾಶ್ಮೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆಯಂತೆ. ಇವರಿಬ್ಬರದಂತೂ ತಪ್ಪೊಪ್ಪಿಗೆಯೂ ಅಲ್ಲ. "ನಾನಲ್ಲ, ಅವನು" ಅನ್ನುವುದರಲ್ಲಿ ಒಪ್ಪಿಕೊಂಡದ್ದೇನಿದೆ? ಕೊನೆಗೆ ನ್ಯಾಯಾಧೀಶರು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಂತೆ ಆರೋಪಿಗಳನ್ನೇ ಪ್ರಶ್ನಿಸಿ ಹೇಳಿಕೆ ತೆಗೆದುಕೊಂಡಾಗಲೂ ಅದೇ ಪಾಠ ಒಪ್ಪಿಸಿದರು. ಅಲ್ಲಿ ಪ್ರಮಾಣವೂ ಇಲ್ಲ, ಪಾಟಿ ಸವಾಲೂ ಇಲ್ಲ.

ಹಾಗಾಗಿ ಕೇಸು ನಿಂತದ್ದು ಕಾವಲುಗಾರ ತಾತನ ಮೇಲೆ. ಸಾಕ್ಷಿ ಕಟ್ಟೆ ಹತ್ತಿದಾಗ ಅವರ ಕೈ ನಡುಗುತ್ತಿತ್ತು, ಟವೆಲನ್ನು ಬೆರಳಿಗೆ ಸುತ್ತಿಕೊಂಡಿದ್ದರು. ಒಂದನೇ ಆರೋಪಿಯ ವಕೀಲರು "ನೀವು ನೋಡಿದ್ದು ಎರಡನೆಯವನನ್ನು ಮಾತ್ರ ಅಲ್ಲವೇ?" ಅಂತ ಕೆಣಕಿದರು. ಎರಡನೆಯವನ ವಕೀಲರು ಎದ್ದು ಅದನ್ನೇ ತಿರುಗಿಸಿ ಕೇಳಿದರು. ತಾತ ಇಬ್ಬರಿಗೂ ಕೊಟ್ಟದ್ದು ಒಂದೇ ಉತ್ತರ: "ಇಬ್ರಿದ್ರು ಸ್ವಾಮಿ. ಒಬ್ಬ ಲೈಟ್ ಹಾಕದೆ ಗಾಡಿ ತಳ್ತಿದ್ದ, ಇನ್ನೊಬ್ಬ ಗೇಟ್ ತೆಗೆದ." ಮೂರು ವಾಯ್ದೆ ಸುಮ್ಮನೆ ಬಂದು ಹೋಗಿ, ನಾಲ್ಕನೆಯದಕ್ಕೆ ಹೇಳಿದ ಮಾತು ಅದು.

ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರಲ್ಲಿ ಒಬ್ಬರು ತಿರುಗಿಬಿದ್ದರು, ಅವರ ವಿಷಯ ಬಿಡಿ. ನಿಂತ ಇನ್ನೊಬ್ಬರಿಗೆ ಕೈ ಮುಗಿಯುತ್ತೇನೆ. ರಾಡು ಸಿಕ್ಕಿದ್ದು ಒಬ್ಬ ಆರೋಪಿ ತೋರಿಸಿದ ಜಾಗದಲ್ಲಿ, ತಮ್ಮನ ಮೊಬೈಲು ಇನ್ನೊಬ್ಬ ತೋರಿಸಿದ ಜಾಗದಲ್ಲಿ. ಎರಡೂ ಮಹಜರಿಗೆ ಸಹಿ ತನ್ನದೇ ಎಂದು ಅವರು ಕೋರ್ಟಿನಲ್ಲಿ ಹೇಳದೇ ಹೋಗಿದ್ದರೆ ಈ ತೀರ್ಪು ಬರುತ್ತಿರಲಿಲ್ಲವೇನೋ.

ಇನ್ನೊಂದು ಕೃತಜ್ಞತೆ ವಿಚಿತ್ರ ಅನ್ನಿಸಬಹುದು: ಆರೋಪಿಗಳ ವಕೀಲರಿಗೂ. ತಮ್ಮ ಕಕ್ಷಿದಾರನನ್ನು ಉಳಿಸಲು ಒಬ್ಬೊಬ್ಬ ವಕೀಲರೂ ಇನ್ನೊಬ್ಬ ಆರೋಪಿಯ ಪಾತ್ರವನ್ನು ಜಾಲಾಡಿದರು. ನಾವು ಕೇಳಲು ಹೆದರುತ್ತಿದ್ದ ಪ್ರಶ್ನೆಗಳನ್ನೆಲ್ಲ ಅವರೇ ಕೇಳಿಬಿಟ್ಟರು. ಊಟದ ಬಿಡುವಿನಲ್ಲಿ ಅವರಲ್ಲೊಬ್ಬರು ಅಮ್ಮನಿಗೆ ಕುರ್ಚಿ ಎಳೆದುಕೊಟ್ಟದ್ದೂ ನೆನಪಿದೆ.

ಅಮ್ಮನಿಗೆ ಬೇಕಿದ್ದದ್ದು ಒಂದೇ ಉತ್ತರ, ಹೊಡೆದವನು ಯಾರು ಅಂತ. ತೀರ್ಪಿನಲ್ಲಿ ಅದಿಲ್ಲ. ಸಮಾನ ಉದ್ದೇಶದಿಂದ ಇಬ್ಬರೂ ಸೇರಿ ಮಾಡಿದ ಕೃತ್ಯವಾದರೆ ಏಟು ಯಾರ ಕೈಯದೆಂದು ಬಿಡಿಸಬೇಕಾಗಿಲ್ಲ, ಈ ಕೇಸಿಗೆ ಅನ್ವಯಿಸಿದ ಹಳೆಯ ಭಾರತೀಯ ದಂಡ ಸಂಹಿತೆಯ 34ನೇ ಕಲಂ ಇಬ್ಬರನ್ನೂ ಹಿಡಿಯುತ್ತದೆ. ಮೇಡಂ ಇದನ್ನು ಅಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತು ಹೇಳಿದರು, ಸುಳ್ಳು ಸಮಾಧಾನ ಹೇಳಲಿಲ್ಲ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಆಯ್ತು ಬಿಡಿ" ಅಂದರು. ಒಪ್ಪಿದರೋ, ಸುಸ್ತಾಗಿ ಅಂದರೋ, ನನಗೆ ಇನ್ನೂ ಗೊತ್ತಾಗಿಲ್ಲ.

ತೀರ್ಪಿನ ಸಂಜೆ ತಾತನಿಗೆ ಫೋನ್ ಮಾಡಿದೆ. ಶಿಕ್ಷೆ ಎಷ್ಟು ಅಂತಲೂ ಕೇಳಲಿಲ್ಲ.

"ನಾ ಮತ್ತೆ ಬರಬೇಕೇನವ್ವ?"

"ಬೇಡ ತಾತ, ನಿಮ್ದು ಮುಗೀತು."

"ಹಂಗಾರೆ ಸರಿ," ಅಂದು ಫೋನ್ ಇಟ್ಟರು.